ಹಿಂಗಾಲು ಬಿದ್ದ ನಾಯಿ ಮನೆಯಲ್ಲೇ ಎದ್ದೀತೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ನಿನ್ನಿ ತನಕ ಛಲೋ ಇತ್ರಿ. ಮುಂಜಾನೆ ನೋಡಿದ್ರ ಹಿಂದಿನ ಕಾಲು ಎಳಕೋತ ಬರ್ಲಿಕತ್ತದ. ಮನ್ಯಾಗ ಇಟ್ಕೊಂಡು ಆರೈಕಿ ಮಾಡಿದ್ರ ಏಳ್ತದೇನ್ರಿ?" ಕಲಬುರಗಿ ಸೀಮೆಯಲ್ಲಿ ನಾಯಿ ಸಾಕಿದವರು ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳುತ್ತಾರೆ. ಬಹಳ ಸಲ ಏಳುತ್ತದೆ. ಆದರೆ ಮನೆಯವರ ಪಾಲಿಗೆ ಬರುವ ದೊಡ್ಡ ಕೆಲಸ ಎರಡು: ನಾಯಿಯನ್ನು ವಾರಗಟ್ಟಲೆ ಅಲುಗಾಡದಂತೆ ಇಡುವುದು, ಮೂತ್ರಚೀಲವನ್ನು ಹೊತ್ತುಹೊತ್ತಿಗೆ ಖಾಲಿ ಮಾಡುವುದು. ಇವೆರಡು ತಪ್ಪಿದರೆ ಯಾವ ಗುಳಿಗೆಯೂ ಕೈಹಿಡಿಯುವುದಿಲ್ಲ.

ಬೆನ್ನುಮಣಿಗಳ ನಡುವೆ ಡಿಸ್ಕ್ ಇರುತ್ತದೆ. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಡ್ಯಾಶ್‌ಹಂಡ್, ಬೀಗಲ್, ಶಿಟ್ಸು, ಕಾಕರ್ ಸ್ಪ್ಯಾನಿಯೆಲ್‌ನಂಥ ತಳಿಗಳಲ್ಲಿ ಈ ತಿರುಳು ಎಳೆ ವಯಸ್ಸಿನಲ್ಲೇ ಒಣಗಿ ಸುಣ್ಣಗಟ್ಟತೊಡಗುತ್ತದೆ. 3ರಿಂದ 7 ವರ್ಷದೊಳಗೆ ಒಂದು ದಿನ ಉಂಗುರ ಹರಿದು, ತಿರುಳು ಚಿಮ್ಮಿ ಬೆನ್ನುಹುರಿಗೆ ಬಡಿದು ಹಿಂಗಾಲು ಬೀಳುತ್ತದೆ. ಹೆಚ್ಚಾಗಿ ಇದು ಆಗುವುದು ಪಕ್ಕೆಲುಬು ಮುಗಿದು ಟೊಂಕ ಶುರುವಾಗುವ ಜಾಗದಲ್ಲಿ. ಮಂಚದಿಂದ ಜಿಗಿದದ್ದು ಬರೀ ನೆಪ, ಡಿಸ್ಕ್ ಕೆಟ್ಟು ಆಗಲೇ ವರ್ಷಗಳಾಗಿರುತ್ತವೆ. ಅದಕ್ಕೇ ನಾಯಿಯ ಜೊತೆ ಆಡಿದ ಮಕ್ಕಳನ್ನು ಬೈಯಬೇಡಿ. ವಯಸ್ಸಾದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಡಿಸ್ಕ್ ಸಿಡಿಯುವುದಕ್ಕಿಂತ ನಿಧಾನವಾಗಿ ಉಬ್ಬುವುದೇ ಹೆಚ್ಚು.

ಹಿಂಗಾಲು ಬಿದ್ದದ್ದೆಲ್ಲ ಡಿಸ್ಕ್ ಅಲ್ಲ. ಗಾಡಿ ಬಡಿದಿರಬಹುದು, ಡಿಸ್ಟೆಂಪರ್ ಎಂಬ ವೈರಸ್ ರೋಗ ಆಗಿರಬಹುದು. ಲಸಿಕೆ ಹಾಕಿಸದ ನಾಯಿಯಾದರೆ ಹುಚ್ಚುನಾಯಿ ರೋಗವೂ ಕಾಲು ಬೀಳಿಸುತ್ತದೆ. ಅಂಥ ನಾಯಿಯ ಬಾಯಿಗೆ ಕೈ ಹಾಕಿ ಗುಳಿಗೆ ನುಂಗಿಸಲು ಹೋಗಬೇಡಿ. ಮೊದಲು ದನದ ದವಾಖಾನೆಗೆ ಹೋಗಿ. ಬೈಕಿನ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು ಹೋಗುವುದು ಬೇಡ. ಒಂದು ಹಲಗೆಯ ಮೇಲೆ ಮಲಗಿಸಿ, ಹಲಗೆ ಸಮೇತ ಕಾರಿನಲ್ಲಿಡಿ.

ಮನೆಯೋ ಆಪರೇಶನ್ನೋ ಎಂಬುದನ್ನು ಒಂದು ಪರೀಕ್ಷೆ ಹೇಳುತ್ತದೆ. ವೈದ್ಯರು ಹಿಂಗಾಲ ಬೆರಳಿನ ಎಲುಬನ್ನೇ ಚಿಮಟಿಯಲ್ಲಿ ಒತ್ತುತ್ತಾರೆ. ನಾಯಿ ತಿರುಗಿ ನೋಡಿದರೆ, ಕುಂಯ್ ಎಂದರೆ, ಕಚ್ಚಲು ಬಂದರೆ ನೋವು ಮಿದುಳು ಮುಟ್ಟಿದೆ ಎಂದು ಲೆಕ್ಕ, ಇದನ್ನೇ ಆಳದ ನೋವು ಎನ್ನುತ್ತಾರೆ. ಬರೀ ಕಾಲು ಹಿಂದಕ್ಕೆ ಎಳೆದುಕೊಂಡಿತು ಎಂದು ಹಿಗ್ಗಬೇಡಿ, ಅಷ್ಟನ್ನು ಬೆನ್ನುಹುರಿ ಮಿದುಳಿನ ಹಂಗಿಲ್ಲದೆ ಮಾಡುತ್ತದೆ. ತೂರಾಡುತ್ತಲಾದರೂ ನಡೆಯುವ ನಾಯಿಗಳಲ್ಲಿ ಹತ್ತಕ್ಕೆ ಸುಮಾರು ಎಂಟು ವಿಶ್ರಾಂತಿಯಲ್ಲೇ ಸುಧಾರಿಸುತ್ತವೆ. ನಡೆಯಲಾಗದಿದ್ದರೂ ಆಳದ ನೋವು ಉಳಿದಿದ್ದರೆ ಅರ್ಧಕ್ಕಿಂತ ಹೆಚ್ಚು ಏಳುತ್ತವೆ, ಆಪರೇಶನ್ ಆದರೆ ಹತ್ತಕ್ಕೆ ಒಂಬತ್ತು. ಆಳದ ನೋವೇ ಹೋಗಿದ್ದರೆ ಆಪರೇಶನ್ ಮಾಡಿಸಿದರೂ ಅರ್ಧದಷ್ಟೋ ತುಸು ಹೆಚ್ಚೋ ಮಾತ್ರ, ಬರೀ ಮನೆಯ ಆರೈಕೆಯಲ್ಲಿ ಬಹಳ ಕಡಿಮೆ. ಆಗ ಕಾಯುತ್ತ ಕೂರದೆ ಅದೇ ದಿನ ಹೊರಡಬೇಕು.

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರ್‌ನ ನಂದಿನಗರದಲ್ಲೇ ಇದೆ, ಕಾಲೇಜಿನ ಆಸ್ಪತ್ರೆಯೂ ಅಲ್ಲೇ. ಕಲಬುರಗಿಯಿಂದ ಸುಮಾರು 110 ಕಿ.ಮೀ. ಹೊರಡುವ ಮೊದಲು ಫೋನ್ ಮಾಡಿ, ಸಿ.ಟಿ. ಅಥವಾ ಎಂ.ಆರ್.ಐ. ಎಲ್ಲಿ ಆಗುತ್ತದೆ, ಬೆನ್ನಿನ ಆಪರೇಶನ್ ಮಾಡುವವರು ಇದ್ದಾರೆಯೇ ಎಂದು ಕೇಳಿಕೊಳ್ಳಿ. ಸಾದಾ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಬೀದರ್, ಯಾದಗಿರಿಯವರಿಗೂ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ.

ಮನೆಯಲ್ಲೇ ಎಂದು ತೀರ್ಮಾನವಾದರೆ ಮೊದಲು ಪಂಜರ. ಹರಿದ ಉಂಗುರ ಕೂಡಿಕೊಳ್ಳಲು ಕನಿಷ್ಠ 4 ವಾರ ಬೇಕು, 6 ವಾರ ಇಟ್ಟರೆ ಒಳ್ಳೆಯದು. ಸರಪಳಿಯಿಂದ ಕಟ್ಟಿಹಾಕಿದ್ದನ್ನು ವಿಶ್ರಾಂತಿ ಎನ್ನಲಾಗದು. ಗೇಟಿನ ಸಪ್ಪಳಕ್ಕೆ ನಾಯಿ ಒಮ್ಮೆ ಜಗ್ಗಿದರೆ ಹದಿನೈದು ದಿನದ ಗಳಿಕೆ ಹೋಯಿತು. ಪಂಜರದಲ್ಲಿ ನಾಯಿ ತಿರುಗಬೇಕು, ಕಾಲು ಚಾಚಿ ಮಲಗಬೇಕು, ಓಡಾಡಲು ಮಾತ್ರ ಆಗಬಾರದು. ಡ್ಯಾಶ್‌ಹಂಡ್‌ಗೆ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಸಾಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಸರಳುಗಳ ಸಂದಿಯಲ್ಲಿ ತಲೆ ತೂರದಂತೆ ನೋಡಿಕೊಳ್ಳಿ, ಮೇಲೆಯೂ ಮುಚ್ಚಿಸಿ. ತೆರೆದಿದ್ದರೆ ಮುಂಗಾಲು ಸರಳಿನ ಮೇಲಿಟ್ಟು ಬೆನ್ನು ತಿರುವುತ್ತದೆ.

ಒಳಗೆ 7–8 ಸೆಂ.ಮೀ. ದಪ್ಪದ ಗಟ್ಟಿ ಗಾದಿ, ಅದರ ಮೇಲೆ ರೆಕ್ಸಿನ್, ರೆಕ್ಸಿನ್ ಮೇಲೆ ಕೌದಿ. ಹಳೆಯ ಕೌದಿಗೆ ಸಮನಾದ ಹಾಸು ಅಂಗಡಿಯಲ್ಲಿ ಸಿಗುವುದಿಲ್ಲ. ಒತ್ತೊತ್ತಾಗಿ ಹೊಲಿಗೆ ಬಿದ್ದಿರುವುದರಿಂದ ಸುಕ್ಕಾಗುವುದಿಲ್ಲ, ಹಸಿ ಹೀರುತ್ತದೆ. ಮೂರು ನಾಲ್ಕು ಇದ್ದರೆ ಒಗೆದು ಬದಲಿಸುತ್ತ ಹೋಗಬಹುದು. ಪಂಜರದಿಂದ ಬಾಗಿಲವರೆಗೆ ಶಹಾಬಾದ್ ಫರಸಿ ಇದ್ದರೆ ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಪಾಲಿಶ್ ಆದ ಫರಸಿಯ ಮೇಲೆ ಗಟ್ಟಿಮುಟ್ಟಾದ ನಾಯಿಯ ಕಾಲೇ ಚದರುತ್ತದೆ, ಇದರದಂತೂ ಕೇಳಲೇಬೇಡಿ. ಜಮಖಾನ ಹಾಸಿದರೆ ಅದೇ ಜಾರುತ್ತದೆ.

ಹೊರಗೆ ಕರೆದೊಯ್ಯುವುದು ಮಲಮೂತ್ರಕ್ಕೆ ಮಾತ್ರ. ದಿನಕ್ಕೆ ನಾಲ್ಕು ಸಲ, ಐದು ನಿಮಿಷ, ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿ. ಹಳೆಯ ಧೋತರವನ್ನು ಅಂಗೈಯಗಲ ಮಡಚಿ, ತೊಡೆಗೆ ತಾಗುವಂತೆ ಹೊಟ್ಟೆಯ ಕೆಳಗೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ. ಬೆನ್ನು ನೆಲಕ್ಕೆ ಸಮನಾಗಿರಬೇಕು. ಹಿಂಭಾಗ ಮೇಲೆದ್ದರೆ ಪೆಟ್ಟಾದ ಜಾಗದ ಮೇಲೇ ಭಾರ ಬೀಳುತ್ತದೆ.

ಇನ್ನು ಮೂತ್ರಚೀಲ. "ಹಾಸಿಗಿ ಹಸಿ ಆಗ್ಯದ, ಅಂದ್ರ ಉಚ್ಚಿ ಹೊಂಟದ" ಎಂದುಕೊಳ್ಳುವುದೇ ದೊಡ್ಡ ತಪ್ಪು. ಕೊಡ ತುಂಬಿ ಚೆಲ್ಲಿದಂತೆ, ಚೀಲ ತುಂಬಿ ತುಳುಕಿದ್ದಷ್ಟೇ ಹೊರಗೆ ಬಂದಿರುತ್ತದೆ. ಒಳಗೆ ನಿಂತದ್ದು ಕೊಳೆತು ಸೋಂಕಾಗುತ್ತದೆ, ಹಿಗ್ಗಿದ ಚೀಲದ ಸ್ನಾಯು ಮತ್ತೆ ಕುಗ್ಗುವುದನ್ನೇ ಮರೆಯುತ್ತದೆ. ತಾನಾಗಿ ಹೋಗಲಾರದ ನಾಯಿಗೆ 6ರಿಂದ 8 ತಾಸಿಗೊಮ್ಮೆ, ರಾತ್ರಿಯದೂ ಸೇರಿ, ಕೈಯಿಂದ ಒತ್ತಿ ತೆಗೆಯಬೇಕು.

ಮೊದಲ ಸಲ ದವಾಖಾನೆಯವರ ಕೈಕೆಳಗೆ ನಿಮ್ಮ ಕೈ ಇಟ್ಟು ಕಲಿಯಿರಿ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ತೊಡೆ ಶುರುವಾಗುವ ಜಾಗಕ್ಕಿಂತ ಎರಡು ಬೆರಳು ಮುಂದೆ ಒಂದು ಅಂಗೈ ಹೊಟ್ಟೆಯ ಕೆಳಗೆ, ಇನ್ನೊಂದು ಮೇಲೆ. ಬೆರಳು ಚಾಚಿರಲಿ, ತುದಿ ಚುಚ್ಚಬಾರದು. ಅಂಗೈಗಳನ್ನು ನಿಧಾನವಾಗಿ ಹತ್ತಿರ ತಂದರೆ ನೀರು ತುಂಬಿದ ಬಲೂನಿನಂಥ ಉಂಡೆ ಸಿಗುತ್ತದೆ. 10 ಕೆ.ಜಿ. ನಾಯಿಯಲ್ಲಿ ತುಂಬಿದ ಚೀಲ ಮೋಸಂಬಿಯಷ್ಟು ದೊಡ್ಡದು. ಅದಕ್ಕಿಂತ ಮೇಲೆ, ಬೆನ್ನಿನ ಹತ್ತಿರ, ಉದ್ದುದ್ದ ಗಟ್ಟಿಯಾಗಿ ಸಿಕ್ಕರೆ ಅದು ಮಲ, ಬಿಟ್ಟುಬಿಡಿ. ಉಂಡೆ ಸಿಕ್ಕಮೇಲೆ ಬಾಲದ ಕಡೆಗೆ ಒಂದೇ ಸಮ ಒತ್ತಿ ಹಿಡಿದು ಹತ್ತು ಸೆಕೆಂಡು ಕಾಯಿರಿ. ಗಡಬಡಿಸಿ ಹಿಂಡಿದರೆ ಚೀಲದ ಬಾಯಿ ಇನ್ನಷ್ಟು ಬಿಗಿಯುತ್ತದೆ. ಧಾರೆ ಶುರುವಾದಮೇಲೆ ಕೈ ಸಡಿಲಿಸದೆ, ಕುಗ್ಗುತ್ತಿರುವ ಉಂಡೆಯ ಬೆನ್ನು ಹತ್ತಿ. ಕೊನೆಗೆ ಅಂಗೈಗಳ ನಡುವೆ ಖಾಲಿ ಚೀಲದಂತೆ ಚಪ್ಪಟೆಯಾಗಿ ಹತ್ತಬೇಕು.

ಒಂದು ಹಳೆಯ ಅಳತೆಯ ಲೋಟದಲ್ಲಿ ಹಿಡಿದು ಬರೆದಿಡಿ. 10 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 250ರಿಂದ 500 ಮಿ.ಲೀ. ಬರುತ್ತದೆ, ಸ್ಟಿರಾಯ್ಡ್ ನಡೆದಿದ್ದರೆ ಇನ್ನೂ ಹೆಚ್ಚು. ಗಟ್ಟಿಯಾಗಿ ತುಂಬಿದ ಚೀಲ ಎಷ್ಟು ಒತ್ತಿದರೂ ಬಿಡದಿದ್ದರೆ ಜೋರು ಮಾಡಬೇಡಿ, ಒಡೆದುಹೋದೀತು. ಚೀಲದ ಬಾಯಿ ಸಡಿಲಿಸುವ ಔಷಧಿ ಇದೆ, ನಳಿಗೆಯೂ ಹಾಕುತ್ತಾರೆ. ಕದಡಿದ ಬಣ್ಣ, ಕೆಟ್ಟ ವಾಸನೆ, ರಕ್ತ ಕಂಡರೆ ಅದೇ ದಿನ ತೋರಿಸಿ. ಮಲದ ಚಿಂತೆ ಬೇಡ, ಅದು ಹಾಸಿಗೆಯಲ್ಲಾದರೂ ಸರಿ ತಾನಾಗಿ ಬರುತ್ತದೆ.

ಉಚ್ಚೆ ತಾಗಿದ ಚರ್ಮವನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರಿ. ಮಕ್ಕಳಿಗೆ ಹಚ್ಚುವ ಜಿಂಕ್ ಆಕ್ಸೈಡ್ ಮುಲಾಮು ಬೇಡ, ನಾಯಿ ನೆಕ್ಕಿದರೆ ವಿಷ. 4 ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಟೊಂಕದ ಎಲುಬಿನ ಮೇಲೆ ಕೂದಲು ಉದುರಿ ಕೆಂಪಾಗಿದ್ದರೆ ಹುಣ್ಣು ಬರುವ ಹಾದಿಯಲ್ಲಿದೆ.

ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮಲ್ಲಿ 42–43 ಡಿಗ್ರಿ ಬಿಸಿಲು. ಮುಂಜಾನೆ ನೆರಳಿದ್ದ ಮೂಲೆಗೆ ಮಧ್ಯಾಹ್ನ ಮೂರಕ್ಕೆ ಕಿಟಕಿಯ ಬಿಸಿಲು ಬಂದು ಬೀಳುತ್ತದೆ, ನಾಯಿ ಸರಿದು ಹೋಗಲಾರದು. ಪಂಜರ ಇಡುವ ಮೊದಲು ಒಂದು ದಿನವಿಡೀ ಆ ಜಾಗ ನೋಡಿ. ಕೂಲರ್ ಇರಲಿ, ಹಾಸಿಗೆಗೆ ತುಂತುರು ಬೀಳದಷ್ಟು ದೂರ. ನೀರಿನ ಬಟ್ಟಲು ಮಲಗಿದಲ್ಲೇ ಬಾಯಿಗೆ ಎಟುಕಬೇಕು.

ಗುಳಿಗೆಯ ವಿಷಯದಲ್ಲಿ ಮನೆಯ ಬುದ್ಧಿ ಓಡಿಸಬೇಡಿ. ನೋವಿಗೆ ಕೊಡುವ ಮೆಲಾಕ್ಸಿಕ್ಯಾಮ್‌ನಂಥದ್ದೂ ಸ್ಟಿರಾಯ್ಡೂ ಒಟ್ಟಿಗೆ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಿ ಡಾಂಬರಿನಂಥ ಕರಿ ಮಲ ಬರುತ್ತದೆ. ಒಬ್ಬ ವೈದ್ಯರಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಹಳೆಯ ಚೀಟಿ ಒಯ್ಯದಿದ್ದರೆ ಆಗುವ ಅನಾಹುತ ಇದೇ. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಮುಟ್ಟಲೇಬೇಡಿ. ಗ್ಯಾಬಾಪೆಂಟಿನ್ ಬರೆದುಕೊಟ್ಟರೆ ಕ್ಯಾಪ್ಸೂಲ್ ಕೇಳಿ, ಸಿರಪ್ ಆದರೆ ಸಿಹಿಗೆ ಕ್ಸೈಲಿಟಾಲ್ ಹಾಕಿದ್ದಾರೆಯೇ ಎಂದು ಬಾಟಲಿ ಓದಿ, ಅದು ನಾಯಿಗೆ ವಿಷ. ಬಿ12 ಇಂಜೆಕ್ಷನ್ ಹತ್ತು ಕೊಡಿಸಿದವರು ಪಂಜರ ಬೇಡವೆಂದುಕೊಳ್ಳುತ್ತಾರೆ. ಇಂಜೆಕ್ಷನ್ ಹರಿದ ಡಿಸ್ಕನ್ನು ಹೊಲಿಯುವುದಿಲ್ಲ. ಎಲುಬು ಕೂಡಿಸುವವರಿಂದ ಎಣ್ಣೆ ತಿಕ್ಕಿಸಿ ಕಾಲು ಜಗ್ಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಮತ್ತೊಂದು ಮೋಸ, ಐದನೇ ದಿನದ ಹುರುಪು. ಗುಳಿಗೆಯಿಂದ ನೋವು ಇಳಿದು ನಾಯಿ ಎದ್ದು ಕುಣಿಯಲು ನೋಡುತ್ತದೆ, ಮನೆಯವರು "ಆರಾಮ ಆತು" ಎಂದು ಬಿಡುತ್ತಾರೆ. ಮರುದಿನ ನಾಲ್ಕೂ ಕಾಲು ಚಾಚಿ ಮಲಗಿದ ನಾಯಿಯನ್ನು ಎತ್ತಿಕೊಂಡು ಮತ್ತೆ ದವಾಖಾನೆಗೆ. ಮೊದಲ ಹತ್ತು ದಿನದಲ್ಲಿ ಬಾಲ, ಗುದ ಪೂರ್ತಿ ಸಡಿಲಾಗಿ, ಬಲಹೀನತೆ ಮುಂಗಾಲಿನತ್ತ ಏರತೊಡಗಿದರೆ ಬೆನ್ನುಹುರಿಯೇ ಕರಗುತ್ತಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ, ನಾಯಿಯನ್ನು ನರಳಿಸದೆ ವೈದ್ಯರ ಮಾತು ಕೇಳುವುದೊಂದೇ ದಾರಿ.

ಊಟ ನಾಲ್ಕನೇ ಒಂದು ಪಾಲು ಕಡಿಮೆ ಮಾಡಿ, ಮಲಗಿದ ನಾಯಿ ಬೇಗ ದಪ್ಪಗಾಗುತ್ತದೆ. ರೊಟ್ಟಿ ಕಡಿಮೆ, ಬೇಯಿಸಿದ ಮೊಟ್ಟೆ, ಎಲುಬಿಲ್ಲದ ಕೋಳಿ ಹೆಚ್ಚು. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರು ಹಾಕಬೇಡಿ.

ವ್ಯಾಯಾಮ ಯಾವಾಗ ಶುರು ಮಾಡಬೇಕೆಂದು ವೈದ್ಯರನ್ನು ಕೇಳಿ, ಆಪರೇಶನ್ ಆಗದ ನಾಯಿಗೆ ಮೊದಲೆರಡು ವಾರ ಅವಸರ ಬೇಡ. ಆಮೇಲೆ ಮಗ್ಗುಲಾಗಿ ಮಲಗಿಸಿ ಬೆರಳು, ಹಿಮ್ಮಡಿ, ಮೊಣಕಾಲು, ತೊಡೆಸಂದು ಒಂದೊಂದನ್ನೇ ಹತ್ತು ಸಲ ಮಡಚಿ ಬಿಡಿಸಿ, ದಿನಕ್ಕೆ ಎರಡು ಮೂರು ಹೊತ್ತು. ನಂತರ ಧೋತರದ ಆಸರೆಯಲ್ಲಿ ನಿಲ್ಲಿಸುವುದು: ಪಾದದ ಅಡಿ ನೆಲಕ್ಕೆ ಹತ್ತುವಂತೆ ಕೈಯಿಂದ ತಿದ್ದಿಟ್ಟು, ಹತ್ತು ಸೆಕೆಂಡಿನಿಂದ ಶುರು. ಆರು ವಾರ ದಾಟಿ ನಡಿಗೆ ಬಂದಮೇಲೆ ಅಂಗಳದ ಮಣ್ಣಿನಲ್ಲಿ ತೊಗರಿ ಕಟ್ಟಿಗೆಗಳನ್ನು ಗೇಣುದ್ದ ಬಿಟ್ಟು ಹಾಸಿ ಮೆಲ್ಲಗೆ ದಾಟಿಸಿ. ಕಾಲು ಎಲ್ಲಿಡುತ್ತಿದ್ದೇನೆ ಎಂಬ ಅರಿವು ಮರಳಲು ಇದು ಒಳ್ಳೆಯ ಉಪಾಯ, ಖರ್ಚೂ ಇಲ್ಲ.

ಚೇತರಿಕೆಗೆ ಒಂದು ಸರದಿಯಿದೆ. ಮೊದಲು ಆಳದ ನೋವು, ಆಮೇಲೆ ಬಾಲ, ಆಮೇಲೆ ಕಾಲಿನ ಅಲುಗಾಟ, ನಿಲ್ಲುವುದು, ತೂರಾಡುವ ನಡಿಗೆ. ಪಂಜ ಮಡಚಿ ಬೀಳುವುದು ಎಲ್ಲಕ್ಕಿಂತ ಕೊನೆಗೆ ಸರಿಹೋಗುತ್ತದೆ. ಮೂತ್ರ ಒತ್ತುವಾಗ ಬಾಲ ಅಲುಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೆಸರು ಕರೆದಾಗ, ರೊಟ್ಟಿ ಮುರಿದ ಸಪ್ಪಳಕ್ಕೆ ಅಲುಗಿದರೆ ಅದು ನಿಜ.

ಎದ್ದ ನಾಯಿಗೆ ಮತ್ತೆ ಇದೇ ಆಗುವ ಸಂಭವ ಕಡಿಮೆಯೇನಲ್ಲ. ಮಂಚ, ಸೋಫಾ ಹತ್ತಿ ಇಳಿಯುವುದು ಜೀವಮಾನಕ್ಕೆ ಬಂದ್. 30 ಸೆಂ.ಮೀ. ಎತ್ತರದ ಕಟ್ಟೆಗೆ 120 ಸೆಂ.ಮೀ. ಉದ್ದದ ಹಲಗೆ ಇಳಿಜಾರಾಗಿ ಇಟ್ಟು, ಮೇಲೆ ತಟ್ಟು ಹೊಡೆಯಿರಿ.

ಮೂರು ತಿಂಗಳಾದರೂ ಏಳದ ನಾಯಿಗೆ ಗಾಲಿಬಂಡಿ ಮಾಡಿಸಬಹುದು. ಪಿ.ವಿ.ಸಿ. ಪೈಪು, ಎರಡು ಸಣ್ಣ ಗಾಲಿ ಇದ್ದರೆ ಪ್ಲಂಬರನೇ ಜೋಡಿಸುತ್ತಾನೆ. ಬೆನ್ನು ಸಮನಾಗಿ, ಪಂಜ ನೆಲದಿಂದ ಬೆರಳಷ್ಟು ಮೇಲಿರುವಂತೆ ಅಳತೆ ಕೊಡಿ. ಶುರುವಿಗೆ ಹತ್ತು ನಿಮಿಷ ಸಾಕು. ಬಂಡಿಯಲ್ಲಿ ಓಡಾಡಿದರೂ ಮೂತ್ರ ತೆಗೆಯುವ ಪಾಳಿ ಮಾತ್ರ ಅಷ್ಟೇ ಹೊತ್ತಿಗೆ ನಡೆಯಬೇಕು.