ಹೆಡ್ ಆಫೀಸಲ್ಲಿ ತೆಗೆದ ಪರ್ಮಿಶನ್ ಕುಂದಾಪುರಕ್ಕೆ ಯಾವಾಗ ಮುಟ್ಟುತ್ತದೆ?

ಮಂಗಳೂರಿನಲ್ಲಿ ಹೆಡ್ ಆಫೀಸು, ಕುಂದಾಪುರ, ಕಾರ್ಕಳ, ಪುತ್ತೂರಿನಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಘ ಅಂದುಕೊಳ್ಳಿ. ಕಾರ್ಕಳದ ಗುಮಾಸ್ತರು ಕುಂದಾಪುರದ ಸಾಲದ ಫೈಲ್ ತೆರೆಯಲು ಹೋದರೆ ‘ಅನುಮತಿ ಇಲ್ಲ’ ಎಂದು ಬರುತ್ತದೆ. ಆಡಿಟ್‌ನವರು ಅಷ್ಟು ನೋಡಿ ಟಿಕ್ ಹಾಕಿ ಹೋಗುತ್ತಾರೆ. ಅದೇ ಫೈಲ್ ಶಾಖೆಗಳ ಫೈಲುಗಳನ್ನು ತಾಳೆಯಾಗಿಡುವ ಸಿಂಕ್ ಸಾಫ್ಟ್‌ವೇರಿನ ದಾರಿಯಲ್ಲಿ ಓಡಾಡುವಾಗ ಆ ತಡೆ ಇದೆಯೇ ಎಂದು ನೋಡುವವರು ಕಡಿಮೆ.

ಸಿಂಕ್ ನಡೆಯುವುದು ಗುಮಾಸ್ತರ ಹೆಸರಿನಲ್ಲಲ್ಲ, ಆ ಸಾಫ್ಟ್‌ವೇರಿಗೆಂದೇ ಮಾಡಿದ ಒಂದು ಸರ್ವಿಸ್ ಖಾತೆಯ ಹೆಸರಿನಲ್ಲಿ. ಎಲ್ಲ ಶಾಖೆಯ ಫೋಲ್ಡರನ್ನೂ ಅದು ಓದಿ ಬರೆಯಬೇಕು, ಹಾಗಾಗಿ ಎಲ್ಲ ಅಧಿಕಾರವನ್ನೂ ಅದಕ್ಕೇ ಕೊಟ್ಟಿರುತ್ತಾರೆ. ಡೇಟಾಬೇಸಿಗೆ ಕಾಣುವುದು ಆ ಖಾತೆ ಮಾತ್ರ. ನಿಜವಾಗಿ ಕೇಳಿದವರು ಯಾರು ಎಂಬುದು ಮಧ್ಯದಲ್ಲೇ ಕಳಚಿಹೋಗಿರುತ್ತದೆ. ಕಚೇರಿಯ ಖಾತೆಗಳನ್ನು ಕ್ಲೌಡಿಗೆ ಹೊಂದಿಸುವ ಮೈಕ್ರೋಸಾಫ್ಟ್ ಎಂಟ್ರಾ ಕನೆಕ್ಟ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಗುರುತು) ಸಿಂಕ್ ಹಾಕಿದರೆ ಅದರ ಖಾತೆಗೆ ಆಕ್ಟಿವ್ ಡೈರೆಕ್ಟರಿಯ, ಅಂದರೆ ಕಚೇರಿಯ ಬಳಕೆದಾರರ ಪಟ್ಟಿಯ, ರೆಪ್ಲಿಕೇಶನ್ (ನಕಲು ಮಾಡುವ) ಹಕ್ಕು ಬೇಕಾಗುತ್ತದೆ. ಅಂದರೆ ಆ ಒಂದು ಖಾತೆ ಕೈಗೆ ಸಿಕ್ಕಿದವರಿಗೆ ಡೊಮೈನಿನ, ಅಂದರೆ ಆ ಪಟ್ಟಿಯಲ್ಲಿರುವ, ಎಲ್ಲರ ಹ್ಯಾಶ್ ಸಿಕ್ಕ ಹಾಗೆ. ಎಂಟ್ರಾ ಕನೆಕ್ಟ್ ಇರುವ ಸರ್ವರನ್ನು, ಆ ಪಟ್ಟಿಯನ್ನೇ ಇಟ್ಟುಕೊಂಡಿರುವ ಡೊಮೈನ್ ಕಂಟ್ರೋಲರ್‌ನಷ್ಟೇ ಜೋಪಾನ ಮಾಡಬೇಕು. ಬಿಲ್ಲಿಂಗ್ ಸಾಫ್ಟ್‌ವೇರನ್ನೂ ಅದರಲ್ಲೇ ಹಾಕುವುದು ಬೇಡ.

ಪರೀಕ್ಷೆಗೆ ಎರಡು ಖಾತೆ ಸಾಕು. ಕುಂದಾಪುರದ ಖಾತೆಯಲ್ಲಿ ಒಂದು ಫೈಲ್ ಮಾಡಿ ಅದರ ಐಡಿ ಬರೆದಿಟ್ಟುಕೊಳ್ಳಿ. ಕಾರ್ಕಳದ ಖಾತೆಯ ಕ್ಲೈಂಟ್ (ಪಿಸಿಯಲ್ಲಿರುವ ಸಿಂಕ್ ಆ್ಯಪ್) ಕಳಿಸುವ ರಿಕ್ವೆಸ್ಟನ್ನು ನಡುವೆ ತಡೆದು ತಿದ್ದಲು ಬಿಡುವ ಬರ್ಪ್ ಅಥವಾ ಝ್ಯಾಪ್ ಎಂಬ ಸಾಧನದಲ್ಲಿ ಹಿಡಿದು, ಐಡಿ ಬದಲಿಸಿ ಕಳಿಸಿ. 403 (ಅನುಮತಿ ಇಲ್ಲ) ಅಥವಾ 404 (ಸಿಗಲಿಲ್ಲ) ಬರಬೇಕು. 200 (ಸರಿ) ಬಂದು ಜೊತೆಗೆ ಫೈಲೂ ಬಂದರೆ ತೂತು ಸಿಕ್ಕಿತು. ಡೌನ್‌ಲೋಡ್ ಒಂದನ್ನೇ ನೋಡಿ ಬಿಡಬೇಡಿ. ಕಾಪಿ, ಮೂವ್, ಹಳೆಯ ಆವೃತ್ತಿ, ಥಂಬ್‌ನೇಲ್, ಕಸದಬುಟ್ಟಿಯಿಂದ ವಾಪಸ್ ತರುವುದು ಎಲ್ಲವನ್ನೂ ಬೇರೆಬೇರೆಯಾಗಿ ನೋಡಬೇಕು. ಓದಲು ತಡೆ ಇದ್ದು, ‘ನನ್ನ ಫೋಲ್ಡರಿಗೆ ಕಾಪಿ ಮಾಡು’ ಎಂದರೆ ಮರುಮಾತಿಲ್ಲದೆ ಕೊಡುವ ಎಪಿಐಗಳು (ಸಾಫ್ಟ್‌ವೇರುಗಳು ಪರಸ್ಪರ ಮಾತಾಡುವ ದಾರಿಗಳು) ಇರುತ್ತವೆ. ಒಂದೇ ರಿಕ್ವೆಸ್ಟಿನಲ್ಲಿ 50 ಐಡಿ ಕಳಿಸುವ ಬ್ಯಾಚ್ ಕರೆಗಳಲ್ಲಿ ಮೊದಲನೆಯದನ್ನು ಮಾತ್ರ ಪರಿಶೀಲಿಸುವುದೂ ಉಂಟು. ಊಹಿಸಲಾಗದಷ್ಟು ಉದ್ದದ ಐಡಿ ಕೊಟ್ಟಿದ್ದೇವೆ ಎಂಬ ಸಮಜಾಯಿಷಿ ನಡೆಯುವುದಿಲ್ಲ, ಐಡಿಗಳು ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಿನಚರಿಯಲ್ಲಿ), ಶೇರ್ ಲಿಂಕ್‌ನಲ್ಲಿ ಸೋರುತ್ತವೆ. ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್‌ನ ದೋಷಗಳ ಪಟ್ಟಿಯಲ್ಲಿ 2017ರಲ್ಲಿ 5ನೆಯದಾಗಿದ್ದ ಈ ಬಗೆಯ ದೋಷ 2021ಕ್ಕೆ 1ನೆಯದಾಯಿತು.

ಇನ್ನು ಕರ್ಸರ್. ‘ಇಲ್ಲಿಂದ ಮುಂದೆ ಏನು ಬದಲಾಯಿತು’ ಎಂದು ಕೇಳಲು ಕ್ಲೈಂಟ್ ಇಟ್ಟುಕೊಳ್ಳುವ ಗುರುತು ಅದು. ಖಾತೆಯ ಪರ್ಮಿಶನ್ ತೆಗೆದು, ಹಳೆಯ ಕರ್ಸರನ್ನೇ ಮತ್ತೆ ಕಳಿಸಿ ನೋಡಿ. ಫೈಲ್ ಬರದಿದ್ದರೂ ಫೈಲಿನ ಹೆಸರು ಬರಬಹುದು. ಅಮಾನತು ಆದೇಶದ ಫೈಲಿಗೆ ನೌಕರರ ಹೆಸರೇ ಇಟ್ಟಿದ್ದರೆ ಒಳಗಿನದ್ದು ಓದುವ ಅಗತ್ಯವೇ ಇಲ್ಲ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆಫ್‌ಲೈನ್ ಕ್ಯೂ ಬಗ್ಗೆ. ಜುಲೈ ಮಳೆಗೆ ಮರ ಬಿದ್ದು ಫೈಬರ್ ತುಂಡಾದರೆ ಶಾಖೆಯ ಸರ್ವರ್ ಎಲ್ಲ ಎಂಟ್ರಿಗಳನ್ನೂ ಕ್ಯೂನಲ್ಲಿ ಇಟ್ಟುಕೊಳ್ಳುತ್ತದೆ. ಸೋಮವಾರ ಹೆಡ್ ಆಫೀಸಿನಲ್ಲಿ ಒಬ್ಬರ ಅಧಿಕಾರ ತೆಗೆದರು, ಕುಂದಾಪುರದ ಲೈನ್ ಬಂದದ್ದು ಬುಧವಾರ. ಆ ಎರಡು ದಿನದ ಎಂಟ್ರಿಗಳನ್ನು ಏನು ಮಾಡುವುದು? ಬಹಳಷ್ಟು ಕಡೆ ಕ್ಯೂ ಮೊದಲು ಮೇಲೆ ಹೋಗುತ್ತದೆ, ಪರ್ಮಿಶನ್ ಪಟ್ಟಿ ಆಮೇಲೆ ಕೆಳಗೆ ಬರುತ್ತದೆ. ಹಕ್ಕಿಲ್ಲದವರ ಎಂಟ್ರಿ ಅಷ್ಟರಲ್ಲಿ ದಾಖಲಾಗಿಬಿಟ್ಟಿರುತ್ತದೆ. ಪ್ರತಿ ಎಂಟ್ರಿಯನ್ನೂ ಹೆಡ್ ಆಫೀಸಿನ ಸರ್ವರೇ, ದಾಖಲಿಸುವ ಹೊತ್ತಿಗೆ, ಆಗಿನ ಹಕ್ಕಿನ ಪ್ರಕಾರ ನೋಡಬೇಕು. ‘ಭಾನುವಾರವೇ ಮಾಡಿದ್ದು’ ಎಂಬ ಟೈಮ್‌ಸ್ಟಾಂಪ್ ನಂಬುವ ಹಾಗಿಲ್ಲ, ಶಾಖೆಯ ಪಿಸಿಯ ಗಡಿಯಾರವನ್ನು ಹಿಂದೆ ತಿರುಗಿಸುವುದು ಅರ್ಧ ನಿಮಿಷದ ಕೆಲಸ. ಸಂಶಯದ್ದನ್ನು ಅಳಿಸಲೂಬಾರದು, ಅದರಲ್ಲಿ ನಿಜವಾದ ಠೇವಣಿಯೂ ಇರಬಹುದು. ಬೇರೆ ಪಟ್ಟಿಯಲ್ಲಿ ತಡೆಹಿಡಿದು ಮ್ಯಾನೇಜರ್ ನೋಡಲಿ. ಪ್ರತಿ ಶಾಖೆಯ ಸರ್ವರಿಗೂ ಬೇರೆ ಕೀ (ಗುಟ್ಟಿನ ಸಂಕೇತ) ಕೊಟ್ಟು, ತನ್ನ ಶಾಖೆಯ ದಾಖಲೆಗೆ ಮಾತ್ರ ಬರೆಯುವ ಹಕ್ಕು ಇಟ್ಟರೆ ಒಂದು ಕಡೆ ಕಳವಾದರೂ ಉಳಿದವು ಉಳಿಯುತ್ತವೆ. ಲ್ಯಾಪ್‌ಟಾಪಿಗೆ ಆಗಲೇ ಇಳಿದ ಫೈಲುಗಳ ಕಥೆ ಬೇರೆ. ರಿಮೋಟ್ ವೈಪ್ (ದೂರದಿಂದಲೇ ಅಳಿಸುವುದು) ಆಗಬೇಕಾದರೆ ಆ ಲ್ಯಾಪ್‌ಟಾಪ್ ಒಮ್ಮೆ ನೆಟ್‌ಗೆ ಬರಬೇಕು.

ದುಡ್ಡು ಉಳಿಸಲು ಆರ್‌ಸಿಂಕ್ ಎಂಬ ಉಚಿತ ಸಿಂಕ್ ಸಾಫ್ಟ್‌ವೇರನ್ನು ಡೀಮನ್ ಆಗಿ, ಅಂದರೆ ಸದಾ ಓಡುವ ಸೇವೆಯಾಗಿ, ಓಡಿಸುವವರು ಗಮನಿಸಬೇಕಾದದ್ದು: ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಆಥ್ ಯೂಸರ್ಸ್’ ಸಾಲು ಬರೆಯದಿದ್ದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ, ‘ಹೋಸ್ಟ್ಸ್ ಅಲೌ’ ಬರೆಯದಿದ್ದರೆ ಯಾವ ಐಪಿಯಿಂದಲೂ ಬರಬಹುದು. ‘ರೀಡ್ ಓನ್ಲಿ’ ತಾನಾಗಿಯೇ ‘ಯೆಸ್’ ಇರುತ್ತದೆ. ಅಪ್‌ಲೋಡ್ ಆಗುತ್ತಿಲ್ಲ ಎಂದು ಅದನ್ನು ‘ನೋ’ ಮಾಡುವವರು ಮೇಲಿನ ಎರಡು ಸಾಲು ಮರೆತರೆ ಯಾರು ಬೇಕಾದರೂ ಬರೆಯಬಹುದು. ಈ ಡೀಮನ್ ಬಳಸುವ 873 ಪೋರ್ಟಿನಲ್ಲಿ ಹೋಗುವ ಡೇಟಾ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಎನ್‌ಕ್ರಿಪ್ಟ್ ಆದ ದಾರಿಗಳಾದ ಎಸ್ಎಸ್ಎಚ್ ಅಥವಾ ವಿಪಿಎನ್ ಒಳಗೇ ಓಡಿಸಿ.

ದೊಡ್ಡ ಹೆಸರಿನ ಸಾಫ್ಟ್‌ವೇರ್ ಎಂದೂ ನಿಶ್ಚಿಂತೆ ಬೇಡ. ಫೈಲ್ ಹಂಚುವ ಸಾಫ್ಟ್‌ವೇರ್ ಓನ್‌ಕ್ಲೌಡ್‌ನ 10.6.0ರಿಂದ 10.13.0ವರೆಗಿನ ಆವೃತ್ತಿಗಳಲ್ಲಿ, ಬಳಕೆದಾರರಿಗೆ ಸೈನಿಂಗ್ ಕೀ (ಲಿಂಕಿಗೆ ಸಹಿ ಹಾಕುವ ಕೀ) ಇಲ್ಲದಿದ್ದರೂ ಸಹಿ ಇರುವ ಲಿಂಕನ್ನು ಸರ್ವರ್ ಒಪ್ಪುತ್ತಿತ್ತು. ಯೂಸರ್‌ನೇಮ್ ಗೊತ್ತಿದ್ದರೆ ಸಾಕು, ಪಾಸ್‌ವರ್ಡ್ ಇಲ್ಲದೆ ಅವರ ಫೈಲ್ ಓದಬಹುದಿತ್ತು, ಅಳಿಸಬಹುದಿತ್ತು. ಹೊರಗೆ ಗೊತ್ತಾದದ್ದು 2023ರ ನವೆಂಬರಿನಲ್ಲಿ. ಫೈಲ್ ಕಳಿಸುವ ಸಾಫ್ಟ್‌ವೇರ್ ಗೋಎನಿವೇರ್‌ನಲ್ಲಿ ಮೊದಲ ಅಡ್ಮಿನ್ ಖಾತೆ ಮಾಡುವ ಪುಟವನ್ನು ಇನ್‌ಸ್ಟಾಲ್ ಮುಗಿದ ಮೇಲೂ ಹೊರಗಿನವರು ವಿಳಾಸ ತಿರುಚಿ ತಲುಪಬಹುದಿತ್ತು, 7.4.1 ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು.

ಲಾಗ್ ವಿಷಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ 180 ದಿನದ ಲಾಗ್ ಇಡಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ನ ಪ್ರತಿ ಸಾಲಿನಲ್ಲೂ ಸರ್ವಿಸ್ ಖಾತೆಯ ಹೆಸರೇ ಇದ್ದರೆ ಆ 6 ಗಂಟೆ ಹುಡುಕುವುದರಲ್ಲೇ ಮುಗಿಯುತ್ತದೆ. ಕೇಳಿದ ಬಳಕೆದಾರರು, ಯಾವ ಸಾಧನ, ಫೈಲ್ ಐಡಿ, ಸರ್ವರಿನ ಸಮಯ, ಒಪ್ಪಿದ್ದೋ ತಡೆದದ್ದೋ, ಈ ಐದನ್ನೂ ಬರೆಯುವಂತೆ ವೆಂಡರಿಗೆ ಒಪ್ಪಂದದಲ್ಲೇ ಹೇಳಿ.