ಗರ್ಭಚೀಲ ತೆಗೆಸ್ಬಿಡು ಅನ್ನೋದಕ್ಕೆ ಮುಂಚೆ

ನಮ್ಮ ಮಂಡ್ಯ ಕಡೆ ಹುಡುಗಿ ದೊಡ್ಡೋಳಾದ್ರೆ ಏನೇನ್ ಮಾಡ್ಬೇಕು ಅಂತ ಯಾರನ್ನ ಕೇಳಿದ್ರೂ ಪಟಪಟ ಹೇಳ್ತಾರೆ. ಸೋದರಮಾವ ಬಂದು ಹಸಿ ಸೊಪ್ಪಲ್ಲಿ ಗುಡ್ಲು ಹಾಕ್ಬೇಕು, ಚಿಗಳಿ ತಂಬಿಟ್ಟು ಮಾಡ್ಬೇಕು, ಕೊಬ್ರಿ ಬೆಲ್ಲ ತುಪ್ಪ ತಿನ್ನಿಸ್ಬೇಕು, ಒಸಗೆ ದಿನ ಮುತ್ತೈದೆಯರು ಕೂತು ಸೋಬಾನೆ ಹೇಳ್ಬೇಕು. ಅದೇ ಮುಟ್ಟು ನಿಲ್ಲೋ ಹೊತ್ತಿಗೆ ಏನಾಗತ್ತೆ, ಏನ್ ಮಾಡ್ಬೇಕು ಅಂತ ಕೇಳಿ ನೋಡಿ, ಸಿಗೋದು ಎರಡೇ ಉತ್ತರ. "ಈ ವಯಸ್ಸಲ್ಲಿ ಹಂಗೇ ಕಣೆ, ಸುಧಾರಿಸ್ಕೋ" ಅಂತ ಒಂದು. "ತೆಗೆಸ್ಬಿಡು ಅತ್ಲಾಗೆ, ಮಕ್ಕಳಾಗಿದಾವಲ್ಲ, ಇನ್ಯಾಕ್ ಬೇಕು ಅದು" ಅಂತ ಇನ್ನೊಂದು. ಎರಡೂ ಪ್ರೀತಿಯಿಂದಲೇ ಹೇಳೋದು, ಆದ್ರೆ ಯಾಕೆ ಹಿಂಗಾಗ್ತಿದೆ ಅಂತ ಕೇಳೋ ಗೋಜಿಗೆ ಎರಡ್ರಲ್ಲೂ ಯಾರೂ ಹೋಗಲ್ಲ. ಅದನ್ನೇ ಬರೀಬೇಕು ಅಂತ ಬಹಳ ದಿನದಿಂದ ಅನ್ಕೊಳ್ತಿದ್ದೆ.

ನನಗೀಗ 48. ತವರು ಪಾಂಡವಪುರದ ಹತ್ರ ಹಳ್ಳಿ, ಇರೋದು ಮೈಸೂರಲ್ಲಿ. ನಲವತ್ತೈದು ದಾಟ್ತಿದ್ದಂಗೆ ನನ್ನ ಲೆಕ್ಕ ಎಲ್ಲಾ ತಪ್ಪೋಕೆ ಶುರುವಾಯ್ತು, ಒಂದೇ ತಿಂಗಳಲ್ಲಿ ಎರಡು ಸಲ ಆಗೋದು, ಆಮೇಲೆ ಎರಡು ತಿಂಗಳು ಪತ್ತೆನೇ ಇಲ್ಲ, ನಿಂತೇಹೋಯ್ತೇನೋ ಅನ್ನೋಷ್ಟರಲ್ಲಿ ವಿಸಿ ನಾಲೆ ತೂಬು ಎತ್ತಿದಂಗೆ ಬಂದುಬಿಡೋದು, ಗಂಟೆಗೊಂದು ಪ್ಯಾಡ್ ಸಾಕಾಗ್ತಿರ್ಲಿಲ್ಲ, ರಾತ್ರಿ ಹಳೇ ಟವಲ್ ಮಡಿಚಿ ಹಾಸ್ಕೊಂಡು ಮಲಗ್ತಿದ್ದೆ. ಒಂದ್ಸಲ ಮಂಡ್ಯದಿಂದ ವಾಪಸ್ ಬರ್ತಾ ಬಸ್ಸಲ್ಲಿ ಶ್ರೀರಂಗಪಟ್ಟಣ ದಾಟೋಷ್ಟ್ರಲ್ಲಿ ಸೀರೆ ಒದ್ದೆಯಾಗಿದ್ದು ಗೊತ್ತಾಯ್ತು. ಸಬರ್ಬನ್ ಸ್ಟ್ಯಾಂಡಲ್ಲಿ ಎಲ್ಲರೂ ಇಳೀತಿದಾರೆ, ನಾನು ಮಾತ್ರ ಎದ್ದೇಳೋ ಧೈರ್ಯ ಇಲ್ದೆ ಕೂತಿದೀನಿ. ಹಿಂದಿನ ಸೀಟಲ್ಲಿದ್ದ ಅಜ್ಜಿ ಒಬ್ರು ನನ್ನ ಮುಖ ನೋಡಿ ಏನೂ ಕೇಳ್ಲಿಲ್ಲ, ಹೆಗಲ ಮೇಲಿದ್ದ ಟವಲ್ ತೆಗೆದು ಕೈಗಿಟ್ಟು "ಸೊಂಟಕ್ಕೆ ಸುತ್ಕೋ ಮಗಾ" ಅಂದು ಚೀಲ ಎತ್ಕೊಂಡು ಇಳಿದು ಹೋದ್ರು. ಆ ಅಜ್ಜಿಗೆ ಎಲ್ಲಾ ಗೊತ್ತಿತ್ತು ಅನ್ಸತ್ತೆ.

ಮಾರನೇ ದಿನ ಒಂದು ನರ್ಸಿಂಗ್ ಹೋಮ್‌ಗೆ ಹೋದೆ. ಸ್ಕ್ಯಾನ್ ಮಾಡಿದ್ರು, ಗರ್ಭಕೋಶ ದಪ್ಪ ಆಗಿದೆ ಅಂದ್ರು, ಬಿಟ್ರೆ ಮುಂದೆ ಕ್ಯಾನ್ಸರ್ ಆಗ್ಬೋದು ತೆಗೆಸೋದೇ ವಾಸಿ ಅಂದ್ರು, ಅಷ್ಟೇ, ಆಪರೇಷನ್‌ಗೆ ಡೇಟ್ ಬರೆದೂ ಕೊಟ್ರು. ರಕ್ತ ಎಷ್ಟಿದೆ ಅಂತ ಒಂದು ಟೆಸ್ಟ್ ಇಲ್ಲ, ಬೇರೆ ದಾರಿ ಇದೆಯಾ ಅನ್ನೋ ಮಾತೇ ಇಲ್ಲ. ಮನೆಗೆ ಬಂದ್ರೆ ಎಲ್ಲರೂ ಒಪ್ಕೊಂಡೇ ಬಿಟ್ಟಿದ್ರು. ನಾನು ಒಪ್ಪದೇ ಇದ್ದಿದ್ದು ನನ್ನ ನಾದಿನಿಯಿಂದ.

ಅವಳ ಕಥೆ ಹೇಳ್ಲೇಬೇಕು. ಕಬ್ಬಿನ ಗದ್ದೆ ಕೆಲಸ, ಇಡೀ ದಿನ ಬಿಸಿಲಲ್ಲಿ, ಬಟ್ಟೆ ಬದಲಾಯಿಸೋಕೆ ಮರೆ ಅಂದ್ರೆ ಕಬ್ಬಿನ ಸಾಲೇ. ಬಿಳಿ ಸೆರಗು ಹೋಗತ್ತೆ, ಸೊಂಟ ನೋವು ಅಂತ ಆಸ್ಪತ್ರೆಗೆ ಹೋದೋಳಿಗೆ 34ನೇ ವಯಸ್ಸಿಗೇ ಗರ್ಭಚೀಲ ತೆಗೆದ್ರು. ಬಿಳಿ ಹೋಗೋದು ಎಷ್ಟೋ ಸಲ ಸಹಜ, ಸೋಂಕಾಗಿದ್ರೂ ಬಹುತೇಕ ಮಾತ್ರೇಲಿ ವಾಸಿಯಾಗತ್ತೆ ಕಣ್ರೀ, ಅದಕ್ಕೆ ಗರ್ಭಚೀಲ ತೆಗೆಯೋದಾ? ಅದರ ಜೊತೆಗೆ ಎರಡೂ ಅಂಡಾಶಯಾನೂ ತೆಗೆದಿದ್ರು, ಅದು ಗೊತ್ತಾಗಿದ್ದೇ ಎಷ್ಟೋ ವರ್ಷ ಆದ್ಮೇಲೆ ಡಿಸ್ಚಾರ್ಜ್ ಚೀಟಿ ಓದಿಸಿದಾಗ. ಗರ್ಭಕೋಶ ಒಂದನ್ನೇ ತೆಗೆದ್ರೆ ಮುಟ್ಟು ಮಾತ್ರ ನಿಲ್ಲತ್ತೆ, ಹಾರ್ಮೋನ್ ಬರೋದು ಅಂಡಾಶಯದಿಂದ, ಅದನ್ನೂ ತೆಗೆದ್ರೆ ಈಸ್ಟ್ರೋಜನ್ ಒಂದೇ ಏಟಿಗೆ ನಿಂತುಹೋಗತ್ತೆ. ಐವತ್ತರ ಹತ್ರ ನಿಧಾನಕ್ಕೆ ಬರಬೇಕಾಗಿದ್ದು ಅವಳಿಗೆ 34ಕ್ಕೇ ಬಂತು. ಡಿಸೆಂಬರ್ ಚಳೀಲೂ ರಾತ್ರಿ ಎದ್ದು ಹಜಾರದಲ್ಲಿ ಕೂತು ಬೆವರು ಒರೆಸ್ಕೊಳ್ಳೋಳು, ಮನೇವ್ರು ದೆವ್ವ ಮೆಟ್ಕೊಂಡಿದೆ ಅಂತ ತಾಯತ ಕಟ್ಟಿಸಿದ್ರು. ಇಷ್ಟು ಬೇಗ ಮುಟ್ಟು ನಿಂತೋರಿಗೆ, ಬೇರೆ ತೊಂದ್ರೆ ಇಲ್ದಿದ್ರೆ, ಸಹಜವಾಗಿ ನಿಲ್ಲೋ ವಯಸ್ಸಿನವರೆಗೂ ಹಾರ್ಮೋನ್ ಮಾತ್ರೆ ಕೊಡೋದು ಪದ್ಧತಿ, ಮೂಳೆಗೂ ಹೃದಯಕ್ಕೂ ಅದು ಬೇಕು. ಅವಳಿಗೆ ಯಾರೂ ಕೊಡ್ಲಿಲ್ಲ, ಹೇಳ್ಲೂ ಇಲ್ಲ.

ಇದು ಅವಳೊಬ್ಬಳ ಹಣೆಬರಹ ಅಲ್ಲ. ಬಿಹಾರ, ಛತ್ತೀಸಗಢ, ರಾಜಸ್ಥಾನದಲ್ಲಿ ಬಡ ಹೆಂಗಸರಿಗೆ ಬೇಡದ ಆಪರೇಷನ್ ಮಾಡಿದಾರೆ ಅಂತ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, ನಮ್ಮ ಕಲಬುರಗಿ ಕಡೆ ತಾಂಡಾಗಳಿಂದಲೂ ಇದೇ ದೂರು ಬಂದಿತ್ತು. 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇಂಥ ಬೇಡದ ಆಪರೇಷನ್ ತಡೆಯೋಕೆ ಮಾರ್ಗಸೂಚಿ ಮಾಡ್ತು, 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡ್ಬೇಕು ಅಂತು. ಆದ್ರೆ ಊರಲ್ಲಿ ಯಾವ ಹೆಂಗಸಿಗೆ ಇದು ಗೊತ್ತಿದೆ ಹೇಳಿ.

ಸರಿ, ನಾನು ಇನ್ನೊಬ್ರು ಡಾಕ್ಟರ್ ಹತ್ರ ಹೋದೆ. ಆಯಮ್ಮ ಒಂದು ಚೀಟಿ ಹಿಂದೆ ಚಿತ್ರ ಬರೆದು ಹೇಳಿದ್ರು. ನಲವತ್ತೈದರ ಆಸುಪಾಸಲ್ಲಿ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗಲ್ಲ, ಅದಾಗದೇ ಇದ್ರೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಬರಲ್ಲ, ಅದಿಲ್ದೆ ಗರ್ಭಕೋಶದ ಒಳಪದರ ದಪ್ಪ ಆಗ್ತಾನೇ ಹೋಗಿ ಒಂದು ದಿನ ಎಲ್ಲಾ ಒಟ್ಟಿಗೆ ಬೀಳತ್ತೆ, ಅದಕ್ಕೇ ತಿಂಗಳುಗಟ್ಟಲೆ ಇಲ್ಲ, ಬಂದ್ರೆ ಪ್ರವಾಹ. ಅದರ ಮೇಲೆ ಫೈಬ್ರಾಯ್ಡ್ ಗಡ್ಡೆ ಇರ್ಬೋದು, ಥೈರಾಯ್ಡ್ ಇರ್ಬೋದು, ಅಪರೂಪಕ್ಕೆ ಕ್ಯಾನ್ಸರೂ ಇರ್ಬೋದು, ನೋಡ್ದೆ ಹೇಳೋಕಾಗಲ್ಲ ಅಂದ್ರು. ನೋಡಿದ್ರು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು, ಮೆಟ್ಲು ಹತ್ತಿದ್ರೆ ಎದೆ ಹೊಡ್ಕೊಳ್ತಿದ್ದಿದ್ದು ಅದಕ್ಕೆ, ನಾನು ವಯಸ್ಸು ಅನ್ಕೊಂಡಿದ್ದೆ. ಒಳಪದರದ ಬಯಾಪ್ಸಿ ಮಾಡಿದ್ರು, ಅಂದ್ರೆ ಚೂರು ತೆಗೆದು ಪರೀಕ್ಷೆಗೆ ಕಳ್ಸೋದು, ಒಂದು ಕ್ಷಣ ಜೋರಾಗಿ ಹಿಂಡಿದಂಗಾಯ್ತು ಅಷ್ಟೇ. ಕ್ಯಾನ್ಸರ್ ಇರ್ಲಿಲ್ಲ, ಅಡಿನೋಮಯೋಸಿಸ್ ಅಂದ್ರು, ಒಳಪದರದಂಥದ್ದೇ ಗರ್ಭಕೋಶದ ಗೋಡೆಯೊಳಗೂ ಬೆಳೆಯೋದು. ರಕ್ತ ಕಮ್ಮಿ ಮಾಡೋ ಟ್ರಾನೆಕ್ಸಮಿಕ್ ಆ್ಯಸಿಡ್ ಮಾತ್ರೆ ಇದೆ, ಹಾರ್ಮೋನ್ ಮಾತ್ರೆ ಇದೆ, ಕಾಪರ್-ಟಿ ತರಾನೇ ಒಳಗೆ ಇಡೋ ಹಾರ್ಮೋನ್ ಸಾಧನ ಇದೆ, ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಆಪರೇಷನ್ ಇದ್ದೇ ಇದೆ, ನೀವೇ ಯೋಚ್ನೆ ಮಾಡಿ ಹೇಳಿ ಅಂದ್ರು. ನೀವೇ ಹೇಳಿ ಅಂತ ನನ್ನನ್ನ ಕೇಳಿದ್ದು! ಆ ಸಾಧನ ಹಾಕಿಸ್ಕೊಂಡೆ, ಕಬ್ಬಿಣದಂಶಕ್ಕೆ ಡ್ರಿಪ್ ಹಾಕಿದ್ರು. ಮೊದಲ ಕೆಲವು ತಿಂಗಳು ಸ್ವಲ್ಪ ಸ್ವಲ್ಪ ಕಲೆ ಆಗ್ತಾ ಕಿರಿಕಿರಿ ಆಯ್ತು, ಈಗ ಹೆಚ್ಚುಕಮ್ಮಿ ಏನೂ ಇಲ್ಲ.

ಆಪರೇಷನ್ನೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ಅರ್ಥ ಮಾಡ್ಕೋಬೇಡಿ. ನಮ್ಮ ಚಿಕ್ಕಮ್ಮಂಗೆ ಮುಟ್ಟು ನಿಂತು ಎರಡು ವರ್ಷ ಆದ್ಮೇಲೆ ಮತ್ತೆ ಕಲೆ ಕಾಣಿಸ್ತು, ಬಹಳ ಅಲ್ಲ, ಸೀರೆ ಮೇಲೆ ಬೊಟ್ಟಿನಷ್ಟು. ನೆಂಟ್ರೆಲ್ಲಾ ಮತ್ತೆ ಹರೆಯ ಬಂತು ಅಂತ ನಕ್ಕರು. ಮಗಳು ಹಠ ಮಾಡಿ ಕರ್ಕೊಂಡು ಹೋದ್ಲು, ಗರ್ಭಕೋಶದ ಕ್ಯಾನ್ಸರ್, ಶುರುವಿನಲ್ಲೇ ಸಿಕ್ತು, ತೆಗೆದ್ರು, ಈಗ್ಲೂ ಬೆಳಗೆದ್ದು ಹಾಲು ಕರೀತಾರೆ. ಅಂದ್ರೆ ನೀರಿನಂಗೆ ರಕ್ತ ಹೋಗ್ತಿದ್ದ ನನಗೆ ಬೇಡವಾಗಿದ್ದ ಆಪರೇಷನ್ನು ಒಂದು ಬೊಟ್ಟು ಕಂಡ ಅವರಿಗೆ ಬೇಕಾಗಿತ್ತು. ಸತತ ಹನ್ನೆರಡು ತಿಂಗಳು ಮುಟ್ಟಾಗಿಲ್ಲ ಅಂದ್ರೆ ನಿಂತಿದೆ ಅಂತ ಲೆಕ್ಕ. ಆಮೇಲೆ ಒಂದು ಹನಿ ಕಂಡ್ರೂ ತಡ ಮಾಡದೆ ತೋರಿಸ್ಬೇಕು. ಅದಕ್ಕೆ ಮುಂಚೆ ಆದ್ರೆ, ಗಂಟೆಗೊಂದು ಪ್ಯಾಡ್ ನೆನೆಯೋದು, ಏಳು ದಿನಕ್ಕಿಂತ ಜಾಸ್ತಿ ಹೋಗೋದು, ರಕ್ತ ದೊಡ್ಡ ದೊಡ್ಡ ಗಡ್ಡೆಯಾಗಿ ಬೀಳೋದು, ಇವನ್ನ ವಯಸ್ಸಿನ ಮೇಲೆ ಹಾಕ್ಬೇಡಿ. ಇನ್ನೊಂದು, ಮುಟ್ಟು ಏರುಪೇರಾಗಿದೆ ಅಂದ್ರೆ ಗರ್ಭ ನಿಲ್ಲಲ್ಲ ಅಂತಲ್ಲ, ಆ ಹನ್ನೆರಡು ತಿಂಗಳು ಮುಗಿಯೋವರೆಗೂ ನಿಲ್ಬೋದು.

ಮುಟ್ಟು ನಿಲ್ಲೋ ಹೊತ್ತಲ್ಲಿ ಮೈಗೆ ಬಿಸಿ ಏರೋದು ಬೇರೆ ವಿಷ್ಯ, ಅದು ಕಾಯಿಲೆ ಅಲ್ಲ, ಆದ್ರೆ ಸಣ್ಣದೂ ಅಲ್ಲ. ಮುದ್ದೆ ತೊಳಸ್ತಾ ನಿಂತಿರ್ತೀನಿ, ಎದೆಯಿಂದ ಕತ್ತಿಗೆ ಕತ್ತಿಂದ ಕಿವಿಗೆ ಸರ್ರನೆ ಹತ್ತತ್ತೆ, ಕೋಲು ಅಲ್ಲೇ ಬಿಟ್ಟು ಹಿತ್ತಲ ಬಾಗಿಲಿಗೆ ಓಡ್ಬೇಕು. ತಡೆಯೋಕಾಗದೇ ಇದ್ರೆ ಇದಕ್ಕೂ ಔಷಧಿ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ನೋಡಿ ಇಡೀ ಪ್ರಪಂಚ ಹಾರ್ಮೋನ್ ಚಿಕಿತ್ಸೆಗೆ ಹೆದರ್ತು, ಆಮೇಲೆ ಅದನ್ನೇ ಮತ್ತೆ ಪರಿಶೀಲಿಸಿದಾಗ ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ಆಗಿರದ ಬಹುತೇಕ ಹೆಂಗಸರಿಗೆ ಅಪಾಯಕ್ಕಿಂತ ಉಪಯೋಗವೇ ಜಾಸ್ತಿ ಅಂತ ಗೊತ್ತಾಯ್ತು. ಸ್ತನ ಕ್ಯಾನ್ಸರ್ ಆದೋರಿಗೆ, ರಕ್ತ ಹೆಪ್ಪುಗಟ್ಟೋ ತೊಂದ್ರೆ ಇರೋರಿಗೆ ಅದು ಬೇಡ, ಡಾಕ್ಟರ್ ಹತ್ರ ಕೇಳೇ ತಗೋಬೇಕು.

ನಮ್ಮ ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ಒಪ್ಪಿಗೆ ಕೊಡ್ತು, ನನಗೆ ನಿಜವಾಗ್ಲೂ ಖುಷಿಯಾಯ್ತು. ಆದ್ರೆ ತಿಂಗಳಿಗೊಂದು ಅನ್ನೋ ಲೆಕ್ಕ ನಮ್ಮ ವಯಸ್ಸಿನೋರ ಮೈಗೆ ಹೊಂದಲ್ಲ, ಕಬ್ಬಿನ ಗದ್ದೇಲಿ ಕೂಲಿ ಮಾಡೋರಿಗಂತೂ ರಜೆ ಕೊಡೋರೇ ಇಲ್ಲ.

ಡಾಕ್ಟರ್ ತೆಗೆಸಿ ಅಂದಾಗ ನಾಲ್ಕು ಮಾತು ಕೇಳಿ, ಸಾಕು. ಯಾಕೆ ತೆಗೀಬೇಕು, ಬಯಾಪ್ಸಿ ರಿಪೋರ್ಟ್ ಏನು ಹೇಳತ್ತೆ, ಮಾತ್ರೆ ಅಥವಾ ಸಾಧನ ಮೊದಲು ನೋಡ್ಬೋದಾ, ಅಂಡಾಶಯ ಉಳಿಸ್ತೀರಾ. ಉತ್ತರ ಕೊಡೋಕೆ ಬೇಜಾರು ಮಾಡ್ಕೊಂಡ್ರೆ ಎದ್ದು ಬಂದು ಇನ್ನೊಬ್ರಿಗೆ ತೋರಿಸಿ, ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಎರಡೂ ಸರ್ಕಾರದ್ದೇ.

ನಾದಿನಿಗೆ ಈಗ 44. ಹೋದ ತಿಂಗಳು ಅಂಗಳದಲ್ಲಿ ಸುಮ್ನೆ ಜಾರಿದ್ದಕ್ಕೆ ಮಣಿಕಟ್ಟು ಮುರೀತು. ಬರೀ ಬ್ಯಾಂಡೇಜ್ ಹಾಕಿ ಕಳ್ಸಿದ್ರು, ಮೂಳೆ ಯಾಕೆ ಇಷ್ಟು ಸುಲಭಕ್ಕೆ ಮುರೀತು ಅಂತ ಅಲ್ಲೂ ಯಾರೂ ಕೇಳ್ಲಿಲ್ಲ. ಮುಂದಿನ ವಾರ ಮೈಸೂರಿಗೆ ಕರೆಸ್ಕೊಂಡು ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸ್ತಿದೀನಿ, ಆ ಹಳೇ ಡಿಸ್ಚಾರ್ಜ್ ಚೀಟೀನೂ ತಗೊಂಡು ಬಾ ಅಂದಿದೀನಿ.