ಕೊನೇ ವಾರದ ಫೀಡ್‌ಬ್ಯಾಕ್ ಫಾರ್ಮ್‌ಗಿಂತ ಎರಡನೇ ವಾರದ ಲಾಗ್ ವಾಸಿ

ಆನ್‌ಲೈನ್ ಕೋರ್ಸ್ ಮುಗಿದ ತಕ್ಷಣ ಒಂದು ಫಾರ್ಮ್ ಬರತ್ತಲ್ಲ, ಒಂದರಿಂದ ಐದರೊಳಗೆ ರೇಟಿಂಗ್ ಕೊಡಿ ಅಂತ, ಅದ್ರಲ್ಲಿ ಸರಾಸರಿ 4.3 ಬಂತು 4.5 ಬಂತು ಅಂತ ಬೀಗೋ ಟೀಚರ್‌ಗಳನ್ನ ನೋಡಿದಾಗೆಲ್ಲ ನಂಗೆ ಕೇಳಬೇಕು ಅನ್ಸೋದು ಒಂದೇ: ಸರಿ, ತುಂಬಿದೋರು ಯಾರು? ಕೊನೇವರೆಗೂ ಹಲ್ಲು ಕಚ್ಚಿ ಉಳಿದೋರು ತಾನೆ. ಮೂರನೇ ವಾರಕ್ಕೇ ಸಾಕಪ್ಪಾ ಅಂತ ಲಾಗಿನ್ ಮಾಡೋದೇ ಬಿಟ್ಟೋರು ಆ ಲೆಕ್ಕದಲ್ಲಿ ಇರೋದೇ ಇಲ್ಲ. 2012ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯೋರು ಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್ ಬಗ್ಗೆ 6.002ಎಕ್ಸ್ ಅಂತ ಒಂದು ಕೋರ್ಸ್ ಎಲ್ರಿಗೂ ತೆರೆದು ನಡೆಸಿದಾಗ ಸೇರಿದೋರು ಸುಮಾರು 1,55,000 ಜನ, ಸರ್ಟಿಫಿಕೇಟ್ ತಗೊಂಡೋರು ಏಳು ಸಾವಿರ ಚಿಲ್ಲರೆ. ಎಷ್ಟೋ ಜನ ಸುಮ್ನೆ ಇಣುಕಿ ನೋಡೋಕೆ ಬಂದಿದ್ರು ಅನ್ನೋದೂ ನಿಜಾನೇ, ಆದ್ರೂ ಉಳಿದೋರನ್ನ ಮಾತ್ರ ಕೇಳಿ ಕೋರ್ಸ್ ಎಲ್ರಿಗೂ ಇಷ್ಟ ಆಯ್ತು ಅಂದ್ಬಿಟ್ರೆ ಹೆಂಗೆ.

ಇನ್ನೊಂದು, ಆ ಫಾರ್ಮ್ ಬರೋದೇ ಎಲ್ಲಾ ಮುಗಿದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕಷ್ಟ ಪಟ್ಟೋರು ಈ ಬ್ಯಾಚಿನೋರು, ಸರಿ ಮಾಡಿದ್ರೆ ಲಾಭ ಮುಂದಿನ ಬ್ಯಾಚಿಗೆ. ಹಂಗಿದ್ಮೇಲೆ ಯಾರು ತಾನೇ ಮನಸ್ಸಿಟ್ಟು ಫಾರ್ಮ್ ತುಂಬ್ತಾರೆ?

ನನ್ನ ಕೆಲಸ ಏನಪ್ಪಾ ಅಂದ್ರೆ ಆನ್‌ಲೈನ್ ಪಾಠ ಮಾಡೋರ ಜೊತೆ ಕೂತು ಕೋರ್ಸಿನ ಲಾಗ್ ನೋಡೋದು. ಯಾರು ಯಾವ ವಿಡಿಯೋ ಎಲ್ಲಿ ನಿಲ್ಸಿದ್ರು, ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದ್ರು, ಕ್ವಿಜ್‌ನಲ್ಲಿ ಯಾವ ಆಪ್ಷನ್ ಒತ್ತಿದ್ರು, ಅಸೈನ್‌ಮೆಂಟ್ ಡೆಡ್‌ಲೈನ್‌ಗೆ ಎಷ್ಟು ಹೊತ್ತು ಮುಂಚೆ ಓಪನ್ ಮಾಡಿದ್ರು, ಇದನ್ನೆಲ್ಲ ಮೂಡಲ್ ಥರದ ಕೋರ್ಸ್ ನಡೆಸೋ ಸಾಫ್ಟ್‌ವೇರೋ ವಿಡಿಯೋ ಪ್ಲೇಯರೋ ಬರೆದಿಟ್ಕೊಂಡಿರೋದುಂಟು. ಹೆಚ್ಚಿನ ಕಡೆ ಅದನ್ನ ಯಾರೂ ತೆಗೆದು ನೋಡಿರೋದಿಲ್ಲ. ನೋಡಿದ್ರೂ, ಯಾರು ಸೋಮಾರಿ ಅಂತ ಪಟ್ಟಿ ಮಾಡೋಕೆ ನೋಡಿರ್ತಾರೆ. ನನ್ನ ವಾದ ಇರೋದೇ ಇಲ್ಲಿ, ಈ ಡೇಟಾ ವಿದ್ಯಾರ್ಥಿಯನ್ನ ಅಳೆಯೋಕಿಂತ ಕೋರ್ಸನ್ನ ಅಳೆಯೋಕೆ ಜಾಸ್ತಿ ಉಪಯೋಗಕ್ಕೆ ಬರತ್ತೆ.

ಒಂದು ಸ್ಟ್ಯಾಟಿಸ್ಟಿಕ್ಸ್ ವಿಡಿಯೋ ತಗೊಳ್ಳಿ. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದ್ರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳೋ ಅಳತೆ, ಅದರ ಪಾಠ, ಹನ್ನೊಂದು ನಿಮಿಷ. ರಿವೈಂಡ್ ಗ್ರಾಫ್ ತೆಗೆದ್ರೆ ಎಲ್ಲಾ ಕಡೆ ಸಪಾಟಾಗಿ ಹೋಗ್ತಾ ಏಳನೇ ನಿಮಿಷದಲ್ಲಿ ಥಟ್ ಅಂತ ಒಂದು ಗೋಪುರ ಎದ್ದಿರತ್ತೆ. ಪಾಠ ಮಾಡಿದೋರು ಹೇಳೋದು, ಅದು ಕಷ್ಟದ ಜಾಗ, ಸ್ಯಾಂಪಲ್ ಇದ್ದಾಗ ಎನ್ ಮೈನಸ್ ಒಂದರಿಂದ, ಅಂದ್ರೆ ಅಂಕಿಗಳು ಎಷ್ಟಿವೆಯೋ ಅದಕ್ಕಿಂತ ಒಂದು ಕಮ್ಮಿಯಿಂದ, ಯಾಕೆ ಭಾಗಿಸ್ತೀವಿ ಅನ್ನೋದು ಅಲ್ಲೇ ಬರೋದು, ಅದಕ್ಕೇ ಮಕ್ಕಳು ತಿರುಗಿ ನೋಡ್ತಾರೆ ಅಂತ. ಆದ್ರೆ ವಿಡಿಯೋ ಹಾಕಿ ಕೂತು ನೋಡಿದ್ರೆ ಕಾಣೋದೇ ಬೇರೆ. ಸೂತ್ರ ಇರೋ ಸ್ಲೈಡ್ ಬಂದು ನಾಲ್ಕೇ ಸೆಕೆಂಡಿಗೆ ಮಾಯ, ಮುಂದಿನ ಸ್ಲೈಡಲ್ಲಿ ಲೆಕ್ಕ ಶುರು. ಮಾತು ಇನ್ನೂ ಸೂತ್ರದ ಬಗ್ಗೆನೇ ನಡೀತಿದೆ, ಪರದೆ ಮೇಲೆ ಸೂತ್ರವೇ ಇಲ್ಲ. ಜನ ಹಿಂದಕ್ಕೆ ಹೋಗಿದ್ದು ಅದನ್ನ ಬರ್ಕೊಳ್ಳೋಕೆ ಅಷ್ಟೇ, ಅರ್ಥ ಆಗದೇ ಅಲ್ಲ. ಇದು ಒಂದು ಕೋರ್ಸಿನ ಕಥೆ ಅಲ್ಲ ಮತ್ತೆ. 2014ರಲ್ಲಿ ಎಡೆಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ತಾಣದ ನಾಲ್ಕು ಕೋರ್ಸುಗಳ 862 ವಿಡಿಯೋಗಳನ್ನ ಇಟ್ಕೊಂಡು ಇಂಥ ಗೋಪುರಗಳನ್ನೇ ಅಧ್ಯಯನ ಮಾಡಿದ್ರು, ಅವರು ವಿಂಗಡಿಸಿ ನೋಡಿದ ಗೋಪುರಗಳಲ್ಲಿ ಶೇ 61ರ ಅಕ್ಕಪಕ್ಕ ಪರದೆ ಮೇಲಿನ ದೃಶ್ಯ ಬದಲಾಗಿತ್ತು. ಪರಿಹಾರ ಅಂದ್ರೆ ಆ ಸ್ಲೈಡನ್ನ ಪಿಡಿಎಫ್ ಮಾಡಿ ವಿಡಿಯೋ ಕೆಳಗೆ ಹಾಕೋದು, ಅಥವಾ ಸೂತ್ರವನ್ನ ಪರದೆ ಮೂಲೇಲಿ ಹಾಗೇ ಉಳಿಸೋದು. ಅರ್ಧ ಗಂಟೆ ಕೆಲಸ.

ವಿಡಿಯೋ ಉದ್ದದ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ರೂ ಹೇಳ್ತಾರೆ. ಅದೇ ವರ್ಷ ಎಡೆಕ್ಸ್‌ನ 69 ಲಕ್ಷ ವೀಕ್ಷಣೆಗಳನ್ನ ನೋಡಿದ ಇನ್ನೊಂದು ಅಧ್ಯಯನ, ವಿಡಿಯೋ ಎಷ್ಟೇ ಉದ್ದ ಇರ್ಲಿ ಜನ ನೋಡೋ ಹೊತ್ತಿನ ಮೀಡಿಯನ್, ಅಂದ್ರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರೋ ಲೆಕ್ಕ, ಆರು ನಿಮಿಷ ದಾಟಲ್ಲ ಅಂತ ಹೇಳ್ತು. ಅದನ್ನೇ ವೇದವಾಕ್ಯ ಮಾಡ್ಕೊಂಡು ಒಂದು ಪಾಠವನ್ನ ಆರಾರು ನಿಮಿಷಕ್ಕೆ ಕತ್ತರಿಸಿ, ಎಳೆ ತಪ್ಪಿಸಿ ಇಡೋರೂ ಇದಾರೆ, ಏನ್ ಹೇಳೋದು.

ಕ್ವಿಜ್ ಡೇಟಾ ನಂಗೆ ಇನ್ನೂ ಇಷ್ಟ. ಅದೇ ಕೋರ್ಸಿನ ಒಂದು ಪ್ರಶ್ನೆ: 2, 4, 4, 4, 5, 5, 7, 9, ಇವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್ ಎಷ್ಟು? ಆಪ್ಷನ್‌ಗಳಲ್ಲಿ 2 ಕೂಡ ಇದೆ, 2.14 ಕೂಡ ಇದೆ. ಪೂರ್ತಿ ಗುಂಪು ಅಂತ ಸೂತ್ರದಲ್ಲಿ ಎಂಟರಿಂದ ಭಾಗಿಸಿದ್ರೆ 2 ಬರತ್ತೆ, ಗುಂಪಿನಿಂದ ಆಯ್ದ ಸ್ಯಾಂಪಲ್ ಅಂತ ಏಳರಿಂದ ಭಾಗಿಸಿದ್ರೆ 2.14. ಇದು ಪೂರ್ತಿ ಗುಂಪೋ ಸ್ಯಾಂಪಲ್ಲೋ ಅಂತ ಪ್ರಶ್ನೆಯಲ್ಲಿ ಹೇಳೇ ಇಲ್ಲ, ಆನ್ಸರ್ ಕೀನಲ್ಲಿ ಮಾತ್ರ 2 ಅಂತ ಇದೆ. ತಪ್ಪು ಮಾಡಿದೋರು ತುಂಬಾ ಜನ, ಸರಿ, ಕಷ್ಟದ ಪ್ರಶ್ನೆ ಇರಬಹುದು ಅನ್ಕೋತೀವಿ. ಆದ್ರೆ ಒಟ್ಟು ಅಂಕಗಳ ಪ್ರಕಾರ ವಿದ್ಯಾರ್ಥಿಗಳನ್ನ ಸಾಲಾಗಿ ನಿಲ್ಲಿಸಿ ನೋಡಿದ್ರೆ ಮೇಲಿನ ಸಾಲಿನೋರೇ ಜಾಸ್ತಿ ಈ ಪ್ರಶ್ನೆ ತಪ್ಪು ಮಾಡಿರ್ತಾರೆ, ಯಾಕಂದ್ರೆ ಪಾಠ ಸರಿಯಾಗಿ ಕೇಳಿಸ್ಕೊಂಡು ಏಳರಿಂದ ಭಾಗಿಸಿದೋರು ಅವರೇ. ಒಟ್ಟಾರೆ ಚೆನ್ನಾಗಿ ಮಾಡಿದೋರೇ ಈ ಪ್ರಶ್ನೇನೂ ಸರಿ ಮಾಡಿದ್ರಾ ಅಂತ ಅಳೆಯೋ ಸಂಖ್ಯೆಗೆ ಡಿಸ್ಕ್ರಿಮಿನೇಷನ್ ಇಂಡೆಕ್ಸ್ ಅಂತಾರೆ, ಮೂಡಲ್‌ನ ಕ್ವಿಜ್ ರಿಪೋರ್ಟಲ್ಲಿ ಒಂದು ಕಾಲಮ್ಮಾಗಿ ಸಿಗತ್ತೆ, ಅದು ಮೈನಸ್‌ಗೆ ಹೋಯ್ತು ಅಂದ್ರೆ ಮೊದಲು ಅನುಮಾನ ಪಡಬೇಕಾಗಿರೋದು ಪ್ರಶ್ನೆ ಮೇಲೆ. ಆನ್‌ಲೈನ್ ಕಲಿಕೆಯಲ್ಲಿ ಸಿಟ್ಟು ತರಿಸೋ ಸಂಗತಿ ಅಂದ್ರೆ ಇದೇ ನೋಡಿ, ಗೊತ್ತಿದ್ದೂ ತಪ್ಪು ಅನ್ನಿಸ್ಕೊಳ್ಳೋದು, ಕೇಳೋಣ ಅಂದ್ರೆ ಎದುರಿಗೆ ಯಾರೂ ಇಲ್ಲ.

ಎದುರಿಗೆ ಯಾರೂ ಇಲ್ಲ ಅಂದ್ನಲ್ಲ, ಅದಕ್ಕೆ ಸಂಬಂಧಪಟ್ಟ ಡೇಟಾನೇ ಯಾರೂ ಮುಟ್ಟಲ್ಲ. ಫೋರಮ್‌ನಲ್ಲಿ ಒಬ್ಬ ಪ್ರಶ್ನೆ ಹಾಕಿದ ಮೇಲೆ ಮೊದಲ ಉತ್ತರ ಬರೋಕೆ ಎಷ್ಟು ಗಂಟೆ? ಅಸೈನ್‌ಮೆಂಟ್ ಕೊಟ್ಟ ಮೇಲೆ ಕಾಮೆಂಟ್ ಬರೋಕೆ ಎಷ್ಟು ದಿನ? ಮುಂದಿನ ಅಸೈನ್‌ಮೆಂಟ್ ಡೆಡ್‌ಲೈನ್ ದಾಟಿದ ಮೇಲೆ ಹಿಂದಿನದರ ಕಾಮೆಂಟ್ ಬಂದ್ರೆ ಅದು ಬಂದ್ರೂ ಒಂದೇ ಬಿಟ್ರೂ ಒಂದೇ. ಉತ್ತರ ಬಂದ ಹೊತ್ತಿಂದ ಕೇಳಿದ ಹೊತ್ತನ್ನ ಕಳೆದು ಒಂದು ಪಟ್ಟಿ ಮಾಡಿ ಟೀಚರ್ ಮುಂದಿಟ್ರೆ ರೂಮ್ ಪೂರ್ತಿ ಸೈಲೆಂಟ್. ವಿದ್ಯಾರ್ಥಿಗಳ ಲೆಕ್ಕಾನೆಲ್ಲ ಒಂದೇ ಪರದೆ ಮೇಲೆ ತೋರ್ಸೋ ಡ್ಯಾಶ್‌ಬೋರ್ಡ್ ಬೇಕು ಅಂತ ಹಠ ಹಿಡಿಯೋರೇ ತಮ್ಮ ಡ್ಯಾಶ್‌ಬೋರ್ಡ್ ಅಂದ ತಕ್ಷಣ ವಿಷಯ ಬದಲಾಯಿಸ್ತಾರೆ. ಆದ್ರೆ ಅಸಮಾಧಾನ ಬೇಗ ಕಮ್ಮಿ ಮಾಡೋಕೆ ಕೈಗೆ ಸಿಗೋ ಹಿಡಿ ಇದೇ ಅಂತ ನನ್ನ ಅನುಭವ.

ಲಾಗ್ ಸುಳ್ಳೂ ಹೇಳತ್ತೆ, ಅದನ್ನೂ ಹೇಳ್ಬಿಡ್ತೀನಿ. ಮೂರು ಗಂಟೆ ಆನ್‌ಲೈನ್ ಇದ್ದ ಅಂತ ತೋರ್ಸತ್ತೆ, ಟ್ಯಾಬ್ ತೆಗೆದಿಟ್ಟು ಮಲಗಿರ್ತಾನೆ. ಒಂದೇ ಸಲ ಲಾಗಿನ್ ಆಗಿ ಎಲ್ಲಾ ಡೌನ್‌ಲೋಡ್ ಮಾಡ್ಕೊಂಡು ಚೆನ್ನಾಗಿ ಓದಿದೋಳು ಏನೂ ಮಾಡಿಲ್ಲ ಅಂತ ಕೆಂಪು ಬಣ್ಣದಲ್ಲಿ ಬಿದ್ದಿರ್ತಾಳೆ. ಎಲ್ಲಿ ಎಡವಿದ್ರು ಅನ್ನೋದನ್ನ ಲಾಗ್ ತೋರ್ಸತ್ತೆ, ಯಾಕೆ ಅಂತ ಕೇಳಿದ್ರೆ ಅದಕ್ಕೆ ಬಾಯಿಲ್ಲ. ಹಾಗಾಗಿ ಗೋಪುರ ಎದ್ದ ಜಾಗದಲ್ಲೇ ಒಂದು ಸಣ್ಣ ಪ್ರಶ್ನೆ ಇಡಿ, "ಇಲ್ಲಿ ಏನು ತೊಡಕಾಯ್ತು?" ಅಷ್ಟೇ. ಇಪ್ಪತ್ತು ಪ್ರಶ್ನೆಯ ಫಾರ್ಮ್ ತುಂಬದೋರೂ ಒಂದು ಸಾಲು ಬರೀತಾರೆ.

ಈಗ ಸ್ವಲ್ಪ ಕಸಿವಿಸಿ ಆಗೋ ವಿಷಯ. ವಿದ್ಯಾರ್ಥಿಗಳು ಖುಷಿಯಾಗಿದ್ರು ಅಂದ ಮಾತ್ರಕ್ಕೆ ಕಲಿತ್ರು ಅಂತಲ್ಲ. 2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲಿ ನಡೆದ ಪ್ರಯೋಗದಲ್ಲಿ, ಕೂತು ಸಮಸ್ಯೆ ಬಿಡಿಸಿ ಕಲಿತೋರು ಪರೀಕ್ಷೆಲಿ ಜಾಸ್ತಿ ತೆಗೆದ್ರು, ಆದ್ರೆ ತಮಗೇ ಕಮ್ಮಿ ಕಲಿತ ಹಾಗೆ ಅನ್ನಿಸ್ತು ಅಂದ್ರು, ನಯವಾದ ಲೆಕ್ಚರ್ ಕೇಳಿದೋರಿಗೆ ಉಲ್ಟಾ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ 151 ಮಾಡ್ಯೂಲ್‌ಗಳ, ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಡೇಟಾ ನೋಡಿದ 2016ರ ಅಧ್ಯಯನದಲ್ಲೂ, ಜನ ಕೋರ್ಸಲ್ಲಿ ಉಳಿಯೋದಕ್ಕೆ ಹೆಚ್ಚು ಸಂಬಂಧ ಇದ್ದಿದ್ದು ಪರಸ್ಪರ ಮಾತಾಡೋ ಚಟುವಟಿಕೆಗಳಿಗೆ. ಓದು, ನೋಡು, ಕೇಳು ಅನ್ನೋ ಥರದ ಕೋರ್ಸುಗಳಿಗೆ ರೇಟಿಂಗ್ ಜಾಸ್ತಿ ಬಂದಿತ್ತು, ಆದ್ರೆ ಆ ರೇಟಿಂಗ್‌ಗೂ ಜನ ಉಳಿಯೋದಕ್ಕೂ ನಂಟು ಕಾಣಲಿಲ್ಲ. ಅಂದ್ರೆ ರೇಟಿಂಗ್ ಏರಿಸೋದೇ ಗುರಿ ಆದ್ರೆ ದಾರಿ ಸುಲಭ, ಗ್ರೂಪ್ ವರ್ಕ್ ತೆಗೆದ್ಹಾಕಿ, ಕ್ವಿಜ್ ಸುಲಭ ಮಾಡಿ, ಮುಗೀತು. ನಾನು ಎರಡು ಥರದ ಅತೃಪ್ತಿ ಅಂತ ಬೇರೆ ಮಾಡ್ಕೋತೀನಿ. ಲಿಂಕ್ ತೆರೆಯದೇ, ಪ್ರಶ್ನೆ ಗೊಂದಲ ಇದ್ದು, ಉತ್ತರ ಬರದೇ ಆಗೋ ಕಿರಿಕಿರಿ ಒಂದು, ಅದನ್ನ ಆ ವಾರದಲ್ಲೇ ಕಿತ್ತು ಹಾಕಬೇಕು. ತಲೆ ಬಿಸಿಯಾಗೋ ಹಾಗೆ ಯೋಚಿಸಬೇಕಾಗಿ ಬಂದಾಗ ಆಗೋ ಕಷ್ಟ ಇನ್ನೊಂದು, ಅದನ್ನ ಮುಟ್ಟಬಾರದು, ಇದು ಕಷ್ಟ ಇರತ್ತೆ ಯಾಕಂದ್ರೆ ಹೀಗೆ ಅಂತ ಮೊದಲೇ ಹೇಳಬೇಕು. ಹಾರ್ವರ್ಡ್‌ನೋರೂ ಅದನ್ನೇ ಸಲಹೆ ಕೊಟ್ಟಿದ್ದು.

ಇನ್ನು ಕೆಂಪು ಹಸಿರು ದೀಪಗಳ ವಿಷಯ. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯ ಕೋರ್ಸ್ ಸಿಗ್ನಲ್ಸ್ ಅನ್ನೋ ಸಿಸ್ಟಮ್ ವಿದ್ಯಾರ್ಥಿಗೆ ಟ್ರಾಫಿಕ್ ಲೈಟ್ ಥರ ಸಿಗ್ನಲ್ ತೋರಿಸ್ತಿತ್ತು, ಅದ್ರಿಂದ ಜನ ಓದು ಬಿಡೋದು ಕಮ್ಮಿ ಆಯ್ತು ಅಂತ ದೊಡ್ಡ ಹೆಸರು ಬಂತು, 2013ರಲ್ಲಿ ಕೆಲವರು ಲೆಕ್ಕ ಕೆದಕಿದಾಗ, ಸಿಗ್ನಲ್ಸ್ ಇರೋ ಕೋರ್ಸುಗಳನ್ನ ಜಾಸ್ತಿ ತಗೊಂಡಿರೋದು ಹೆಚ್ಚು ಕಾಲ ಉಳಿದೋರು ಅಂತ, ಕಾರಣ ಪರಿಣಾಮ ತಲೆಕೆಳಗಾಗಿರಬಹುದು ಅನ್ನೋ ಪ್ರಶ್ನೆ ಎದ್ದಿತು. ದೀಪ ಇಡ್ಲೇಬೇಡಿ ಅಂತ ನಾನು ಹೇಳಲ್ಲ. ಆದ್ರೆ "ನೀವು ಅಪಾಯದಲ್ಲಿದ್ದೀರಿ" ಅಂತ ಆಟೋಮ್ಯಾಟಿಕ್ ಮೇಲ್ ಹೋದ್ರೆ ಅರ್ಧಕ್ಕೆ ನಿಂತೋನು ಪೂರ್ತಿ ಓಡಿ ಹೋಗ್ತಾನೆ. "ಎರಡನೇ ಅಸೈನ್‌ಮೆಂಟ್ ಬರಲಿಲ್ಲ, ಮೂರನೇ ಪ್ರಶ್ನೆಯಲ್ಲಿ ತುಂಬಾ ಜನ ಸಿಕ್ಕಿ ಹಾಕ್ಕೊಂಡಿದ್ರು, ಅದಕ್ಕೆ ಒಂದು ಸುಳಿವು ಹಾಕಿದೀವಿ, ಬುಧವಾರದವರೆಗೂ ಟೈಮ್ ಇದೆ" ಅಂತ ಹೋದ್ರೆ ತಿರುಗಿ ಬರೋಕೆ ದಾರಿ ಇರತ್ತೆ. ಮತ್ತೆ ಏನೇನು ಡೇಟಾ ನೋಡ್ತೀವಿ, ಯಾಕೆ, ಯಾರ್ಯಾರು ನೋಡ್ತಾರೆ ಅನ್ನೋದು ಮೊದಲ ದಿನವೇ ಅವರಿಗೆ ಗೊತ್ತಿರಬೇಕು, ಓಪನ್ ಯೂನಿವರ್ಸಿಟಿ 2014ರಲ್ಲೇ ಇದಕ್ಕೆ ಲಿಖಿತ ನೀತಿ ಮಾಡ್ಕೊಂಡಿತ್ತು.

ಬದಲಾವಣೆ ಮಾಡಿದ್ಮೇಲೆ ಸುಮ್ನಿದ್ಬಿಡೋದು ಇನ್ನೊಂದು ವಿಚಿತ್ರ ಅಭ್ಯಾಸ. ವಾರಕ್ಕೊಂದು ಸಲ ಅನೌನ್ಸ್‌ಮೆಂಟಲ್ಲಿ ಮೂರ್ನಾಲ್ಕು ಸಾಲು ಸಾಕು: ಏಳನೇ ನಿಮಿಷದಲ್ಲಿ ತುಂಬಾ ಜನ ಹಿಂದೆ ಹೋಗ್ತಿದ್ರಿ, ಸೂತ್ರ ಈಗ ವಿಡಿಯೋ ಕೆಳಗಿದೆ, ಐದನೇ ಪ್ರಶ್ನೆಗೆ 2.14 ಬರೆದೋರಿಗೂ ಅಂಕ ಕೊಟ್ಟಿದೀವಿ. ಫೋರಮ್ ಪ್ರಶ್ನೆಗಳಿಗೆ ಇನ್ಮೇಲೆ ಸಂಜೆ ಏಳಕ್ಕೆ ಉತ್ತರ ಬರತ್ತೆ ಅಂತ. ಇಂಥದ್ದೊಂದು ಅನೌನ್ಸ್‌ಮೆಂಟ್ ಕಳಿಸಿದ ವಾರ, "ಇಲ್ಲಿ ಏನು ತೊಡಕಾಯ್ತು?" ಅನ್ನೋ ಆ ಸಣ್ಣ ಪ್ರಶ್ನೆಗೆ ಬರೋ ಉತ್ತರಗಳು ಉದ್ದ ಆಗ್ತವೆ, ಜೊತೆಗೆ ಹೊಸ ದೂರುಗಳೂ ಬರ್ತವೆ, ಆಡಿಯೋ ಸಣ್ಣಗಿದೆ, ಸಬ್‌ಟೈಟಲ್ ತಪ್ಪಿದೆ ಅಂತ. ಆ ದೂರುಗಳು ಯಾವ ಲಾಗ್‌ನಲ್ಲೂ ಸಿಗ್ತಿರಲಿಲ್ಲ.